ಗುಂಡಿಯಲ್ಲಿ ಕೂತು ಬಿಸಿಲು ಹೊಲಿದವಳು

ನನ್ನ ನಾದಿನಿಯನ್ನು ಕಾಣಬೇಕೆಂದು ಬಂದವರು ಮೊದಲು ನೆಲ ನೋಡಬೇಕಿತ್ತು. ಬಾಗಿಲಲ್ಲಿ ನಿಂತು ಎದುರಿಗೆ ನೋಡಿದರೆ ಉದ್ದನೆಯ ಖಾಲಿ ಕೋಣೆ, ಅಷ್ಟೇ. ಕಣ್ಣು ಕೆಳಗಿಳಿಸಿದರೆ ಕೋಣೆಯ ನಟ್ಟನಡುವೆ ನೆಲದಿಂದ ಮೊಳೆತ ಹಾಗೆ ಒಂದು ತಲೆ, ಎರಡು ಭುಜ, ಮೂಗಿನ ತುದಿಗೆ ಜಾರಿದ ಕನ್ನಡಕ. ಹೊಸಬರು ಬೆಚ್ಚಿಬೀಳುತ್ತಿದ್ದರು. ಅವಳು ತಲೆ ಎತ್ತದೆ, "ಚಪ್ಪಲಿ ಆಚೆ ಬಿಡಿ, ಬಟ್ಟೆ ಹಾಸಿದೆ" ಎನ್ನುತ್ತಿದ್ದಳು.

ಆ ಗುಂಡಿ ತೋಡಿಸಿದವರು ನಮ್ಮ ಮಾವನವರು. ಲಾರಿಗೆ ಹೊದಿಸುವ ಟಾರ್ಪಾಲು ಎಂದರೆ ಅಂಗಿಯೇ, ಮೇಜಿನ ಮೇಲಿಟ್ಟು ಹೊಲಿಯಲು? ತನ್ನ ಭಾರಕ್ಕೆ ತಾನೇ ಜಾರಿ ಬಿದ್ದು ಸೂಜಿ ಮುರಿಯುತ್ತದೆ. ಯಂತ್ರವನ್ನು ಸೊಂಟದಾಳದ ಗುಂಡಿಯಲ್ಲಿ ಕೂರಿಸಿದರೆ ಅದರ ಹಲಗೆ ನೆಲದ ಮಟ್ಟಕ್ಕೆ ಬರುತ್ತದೆ. ನೆಲದ ಮೇಲೆ ಹಾಸಿದ ಬಟ್ಟೆ ಹಾಗೇ ಸರಿಯುತ್ತ ಸೂಜಿಯ ಕೆಳಗೆ ಹೋಗುತ್ತದೆ. ಒಬ್ಬರು ಗುಂಡಿಯಲ್ಲಿ ಕೂತು ಹೊಲಿಯಬೇಕು, ಇನ್ನೊಬ್ಬರು ಮೇಲೆ ಮಂಡಿಯೂರಿ ಬಟ್ಟೆ ನೂಕಬೇಕು. ಆ ಇನ್ನೊಬ್ಬರು ನಾನು. ಮದುವೆಯಾಗಿ ಆ ಮನೆಗೆ ಹೋದ ಮೇಲೆ ಅಡುಗೆಮನೆಗಿಂತ ಆ ಕೋಣೆಯ ನೆಲವನ್ನೇ ನನ್ನ ಮಂಡಿ ಹೆಚ್ಚು ಉಜ್ಜಿದೆ. ಈಗ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತದಲ್ಲ, ಅದು ವಯಸ್ಸಿನದಲ್ಲ, ಟಾರ್ಪಾಲಿನದು.

ಅವಳಿಗೆ ಬೀದಿಯವರು ಇಟ್ಟ ಹೆಸರು ದಬ್ಬಣ. ಗೋಣಿಚೀಲ ಹೊಲಿಯುವ ದಪ್ಪ ಸೂಜಿಯ ಹೆಸರನ್ನು ಹೆಂಗಸಿಗೆ ಇಡುವುದೇ ಎಂದು ನಾನು ಮೊದಮೊದಲು ನೊಂದುಕೊಂಡೆ. ಆಮೇಲೆ ಅವಳ ಮಾತು ಕೇಳಿದೆ; ಹೆಸರಿಟ್ಟವರಲ್ಲಿ ತಪ್ಪಿಲ್ಲ ಅನ್ನಿಸಿತು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಗುಂಡಿಗೆ ಇಳಿದು ಮಾತಾಡಿಸುವ ಗಂಡು ಸಿಕ್ಕಲಿಲ್ಲ, ಮೇಲೆ ನಿಂತು ಮಾತಾಡುವವರು ನನಗೆ ಬೇಕಿರಲಿಲ್ಲ ಎನ್ನುತ್ತಿದ್ದಳು. ನಿಮ್ಮ ತಾತ, ಅಂದರೆ ಅವಳ ಅಣ್ಣ, ಈ ಮಾತಿಗೆ ಪ್ರತಿ ಸಲ ನಗುತ್ತಿದ್ದರು. ನೂರು ಸಲ ಕೇಳಿದ ಮಾತಿಗೆ ಮೊದಲ ಸಲದಂತೆ ನಗುವ ಗಂಡಸು ಅವರು. ಅದಕ್ಕೇ ಅವರ ಜೊತೆ ಬಾಳು ಸಲೀಸಾಗಿ ಸಾಗಿತು. ಇರಲಿ, ಅವರ ಕಥೆ ಬೇರೆ.

ಅವಳ ಕೆಲಸದ ಒಂದು ಗುಣ ಮಾತ್ರ ಮೊದಲೇ ಹೇಳಿಬಿಡಬೇಕು. ಅವಳು ಒಂದೇ ಸಾಲು ಹೊಲಿಗೆ ಹಾಕಿ ಬಿಟ್ಟವಳಲ್ಲ. ಅಂಚು ಮಡಚಿ ಮೊದಲ ಸಾಲು ಹೊಲಿದ ಮೇಲೆ, ಒಂದು ಬೆರಳಷ್ಟು ಒಳಗೆ, ಮಡಿಕೆಯ ಅಡಿಯಲ್ಲಿ, ಮೇಣ ಉಜ್ಜಿದ ದಾರದಲ್ಲಿ ಎರಡನೇ ಸಾಲು. ಗಿರಾಕಿ ಕೇಳಲಿ ಬಿಡಲಿ, ಅದು ಇಲ್ಲದೆ ಬಟ್ಟೆ ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಮೋಡ ಒಡೆದು ಸುರಿದರೂ ಅವಳ ಟಾರ್ಪಾಲಿನ ಕೆಳಗೆ ಸಿಮೆಂಟು ಚೀಲ ಗಟ್ಟಿಯಾಗುತ್ತಿರಲಿಲ್ಲ. ಲಾರಿಯವರು ಮಡಿಕೆಯೊಳಗೆ ಹೆಬ್ಬೆರಳು ತೂರಿಸಿ ಆ ಎರಡನೇ ಸಾಲನ್ನು ಸವರಿ ನೋಡಿ, ಇದು ದಬ್ಬಣದ ಮಾಲು ಎಂದು ಗುರುತು ಹಿಡಿಯುತ್ತಿದ್ದರು.

ಈಗ ಬಸ್ ನಿಲ್ದಾಣದ ಗೋಡೆ ಪಕ್ಕದ ಸಾಲಿಗೆ ಬರುತ್ತೇನೆ. ತರಕಾರಿ, ಮೀನು, ಹೂವು, ಬಾಚಣಿಗೆ, ಪ್ಲಾಸ್ಟಿಕ್ ಡಬ್ಬಿ ಮಾರುವ ಹೆಂಗಸರ ಸಾಲು ಅದು. ನಾಲ್ಕು ಕೋಲು, ಮೇಲೊಂದು ಟಾರ್ಪಾಲು, ಅದೇ ಅಂಗಡಿ. ರಾತ್ರಿ ಬಸ್ಸುಗಳು ಅಲ್ಲೇ ನಿಲ್ಲುವುದರಿಂದ ದಿನಾ ಬಿಚ್ಚಬೇಕು, ದಿನಾ ಕಟ್ಟಬೇಕು. ವ್ಯಾಪಾರ ಕಾವೇರುವುದೇ ಸಂಜೆ, ಕೆಲಸ ಬಿಟ್ಟವರು ಬಸ್ಸಿಗೆ ಬರುವಾಗ. ಆದರೆ ಸಾಲಿಗೆ ಕರೆಂಟು ಇರಲಿಲ್ಲ. ಕರೆಂಟಿನ ಆಫೀಸಿಗೆ ಹೋಗಿ ಕೇಳಿದರೆ ಮೀಟರು ಕೂರಿಸಲು ಗೋಡೆ ಎಲ್ಲಿದೆ, ಬಾಗಿಲ ನಂಬರು ಏನು ಎಂದು ಕೇಳುತ್ತಿದ್ದರು. ನಾಲ್ಕು ಕೋಲಿಗೆ ಎಲ್ಲಿಯ ಬಾಗಿಲು?

ಅಷ್ಟು ಹೊತ್ತಿಗೆ ಊರಿನಲ್ಲಿ ಸೋಲಾರ್ ಬಂದಿತ್ತು. ಎದುರು ಸಾಲಿನ ಪಕ್ಕಾ ಅಂಗಡಿಗಳ ಮಾಳಿಗೆ ಮೇಲೆಲ್ಲ ಕನ್ನಡಿಯಂಥ ಹಲಗೆಗಳು ಮಿನುಗುತ್ತಿದ್ದವು. ಸ್ವಂತ ಮಾಳಿಗೆ ಇದ್ದವರಿಗೆ ಕರೆಂಟಿನ ಖರ್ಚು ಇಳಿಯಿತು, ಫ್ರಿಜ್ಜು ಬಂತು, ಬಣ್ಣದ ದೀಪ ಬಂತು. ನಮ್ಮ ಹೆಂಗಸರು ಮಾತ್ರ ಬ್ಯಾಟರಿಯವನ ಹತ್ತಿರ ದಿನಬಾಡಿಗೆಗೆ ಬ್ಯಾಟರಿ ತಂದು, ಅದು ಕಣ್ಣು ಮುಚ್ಚುವ ಮೊದಲು ಮಾಲು ಮುಗಿಸಲು ಒದ್ದಾಡುತ್ತಿದ್ದರು. ದಿನವಿಡೀ ಬಿಸಿಲಲ್ಲಿ ಬೇಯುವವರು ಇವರು, ಬಿಸಿಲಿನ ಕರೆಂಟು ಮಾತ್ರ ನೆರಳಲ್ಲಿ ಕೂತವರಿಗೆ. ಇದನ್ನು ನಾನು ಹೇಳಿದ್ದಲ್ಲ, ಮೀನಿನಕ್ಕ ಹೇಳಿದ್ದು. ಅವಳು ಸಾಲಿನ ಸಂಘದ ಅಧ್ಯಕ್ಷೆ. ಮೀನು ಕತ್ತರಿಸುತ್ತಲೇ ಸಭೆ ನಡೆಸುವವಳು. ಎದುರಿಗೆ ನಿಂತು ಅಡ್ಡ ಮಾತಾಡುವವರು ಕತ್ತಿಯಿಂದ ಸ್ವಲ್ಪ ದೂರ ನಿಂತೇ ಮಾತಾಡುತ್ತಿದ್ದರು.

ಮಾಳಿಗೆಯ ಹಲಗೆಯನ್ನು ತಂದು ಕೋಲಿನ ಮೇಲೆ ಇಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಒಬ್ಬಳು ಇಟ್ಟು ನೋಡಿದಳು. ಗಾಜಿನ ಭಾರಕ್ಕೆ ಕೋಲು ವಾಲಿ ಟೊಮೆಟೊ ಮೇಲೆ ಕೂತುಬಿಟ್ಟಿತು. ಟೊಮೆಟೊ ಹೋದದ್ದು ಹೋಯಿತು, ಅವಳ ತಲೆ ಉಳಿದದ್ದೇ ಪುಣ್ಯ.

ಹೀಗಿರುವಾಗ ಒಂದು ದಿನ ಬೆಳಗ್ಗೆ ಒಬ್ಬ ಹುಡುಗಿ ಹೆಗಲ ಮೇಲೆ ಚಾಪೆಯ ಹಾಗೆ ಏನೋ ಸುರುಳಿ ಹೊತ್ತು ನಮ್ಮ ಕೋಣೆಗೆ ಬಂದಳು. ಊರಾಚೆ ಒಂದು ಪ್ರೆಸ್ಸು ಇತ್ತು, ಹಿಂದೆಲ್ಲ ಸೋಪಿನ ಕವರಿಗೆ ಅಚ್ಚು ಹಾಕುತ್ತಿದ್ದದ್ದು. ಅಲ್ಲೀಗ ಅದೇ ರೀತಿ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಬಗೆಯ ಶಾಯಿಯಿಂದ ಬಿಸಿಲು ಹೀರುವ ಪಟ್ಟೆಗಳನ್ನು ಅಚ್ಚು ಹಾಕುತ್ತಿದ್ದರು. ಹುಡುಗಿ ಅಲ್ಲಿನ ಇಂಜಿನಿಯರು. ಸುರುಳಿ ಬಿಚ್ಚಿದಾಗ ನೋಡಿದೆ, ಆಸ್ಪತ್ರೆಯವರು ಕೊಡುವ ಎಕ್ಸ್‌ರೇ ಹಾಳೆಯ ಹಾಗೆ ತೆಳ್ಳಗೆ, ಕಪ್ಪು ನೇರಳೆ ಬಣ್ಣ, ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ನಮ್ಮ ಮನೆಯ ಬೆಕ್ಕು ಬಂದು ಅದರ ಮೇಲೆ ಮಲಗಲು ಜಾಗ ನೋಡಿತು. ಆ ಬೆಕ್ಕಿಗೆ ಹೊಸದಾಗಿ ಹಾಸಿದ್ದೆಲ್ಲ ತನಗೇ ಹಾಸಿದ್ದು ಎಂಬ ನಂಬಿಕೆ.

ಮಾಳಿಗೆ ಇಲ್ಲದವರಿಗೆ ಟಾರ್ಪಾಲೇ ಮಾಳಿಗೆಯಾಗಬೇಕು, ಇದನ್ನು ಟಾರ್ಪಾಲಿಗೆ ಹೊಲಿದು ಕೊಡುತ್ತೀರಾ ಎಂದು ಹುಡುಗಿ ಕೇಳಿದಳು. ಪ್ರೆಸ್ಸಿನ ಯಜಮಾನ ಒಪ್ಪಿದ್ದು ಇಷ್ಟು: ಸಾಲಿನಲ್ಲಿ ಮೂರು ಟಾರ್ಪಾಲಿಗೆ ಹಾಳೆ ಹಾಕಿ ಮಳೆಗಾಲ ದಾಟಿಸಿ ತೋರಿಸಬೇಕು. ತೋರಿಸಿದರೆ ಇಡೀ ಸಾಲಿಗೆ ಹಾಳೆ. ಬ್ಯಾಟರಿಗೆ ಕೊಡುತ್ತಿದ್ದ ಬಾಡಿಗೆಯನ್ನೇ ಕಂತಾಗಿ ಕಟ್ಟಿದರೆ ಸಾಕು, ಕೊನೆಗೆ ಹಾಳೆ ಸಂಘದ ಸ್ವಂತ. ತೋರಿಸದಿದ್ದರೆ ಅಚ್ಚಾದ ಹಾಳೆಗಳೆಲ್ಲ ದೊಡ್ಡ ಊರಿನ ಒಂದು ಬ್ಯಾಂಕಿನ ಗಾಜಿನ ಕಿಟಕಿಗಳಿಗೆ ಹೋಗುತ್ತವೆ. ಅವರು ಆಗಲೇ ಕಾದು ಕೂತಿದ್ದರು. ಯಜಮಾನ ಕೆಟ್ಟವನಲ್ಲ, ಅವನಿಗೂ ಕೆಲಸದವರಿದ್ದರು.

ನನ್ನ ನಾದಿನಿ ಹಾಳೆಯನ್ನು ಬೆರಳಲ್ಲಿ ತಟ್ಟಿ, ಬೆಳಕಿಗೆ ಹಿಡಿದು, ಮೂಸಿ ನೋಡಿದಳು. "ಇದಕ್ಕೆ ಏನಾದ್ರೆ ಆಗಲ್ಲ, ಅದನ್ನ ಮೊದ್ಲು ಹೇಳು" ಎಂದಳು.

"ಒಳಗೆ ನೀರು ಹೋಗಬಾರದು ಅಕ್ಕ. ತೇವ ತಾಗಿದ್ರೆ ಸತ್ತುಹೋಗುತ್ತೆ. ಸುತ್ತ ಈ ಪಾರದರ್ಶಕ ಅಂಚು ಬಿಟ್ಟಿದ್ದೀವಲ್ಲ, ಇದರ ಹೊರತುದಿಯಲ್ಲಿ ಹೊಲೀರಿ."

"ನೀರು ಹೋಗದ ಹಾಗೆ ಹೊಲಿಯೋದನ್ನ ನನಗೆ ಹೇಳಬೇಕಾ ಮಗಳೇ" ಎಂದು ಇವಳು ನಕ್ಕಳು. ಹುಡುಗಿಗೂ ಸಮಾಧಾನವಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ನಂಬಿದರು, ಅದೇ ಎಡವಟ್ಟಾದದ್ದು.

ಹೇಳಿದ ಹಾಗೆ ಹೊರತುದಿಯಲ್ಲಿ ಮೊದಲ ಸಾಲು ಹೊಲಿದಳು. ಹುಡುಗಿ ನೋಡಿ ಒಪ್ಪಿ ಹೋದಳು. ಅವಳು ಹೋದ ಮೇಲೆ ನನ್ನ ನಾದಿನಿ ದಾರಕ್ಕೆ ಎಂದಿಗಿಂತ ಹೆಚ್ಚು ಮೇಣ ಉಜ್ಜಿದಳು. ಒಳಗೆ ನೀರು ಹೋಗಬಾರದು ಎಂದರೆ ಅವಳ ಕೈಗೆ ಗೊತ್ತಿದ್ದ ಉತ್ತರ ಒಂದೇ. ಒಂದು ಬೆರಳಷ್ಟು ಒಳಗೆ, ಮಡಿಕೆಯ ಅಡಿಯಲ್ಲಿ, ಮೂರೂ ಟಾರ್ಪಾಲಿಗೆ ಸುತ್ತಲೂ ಎರಡನೇ ಸಾಲು ಬಿತ್ತು. ಮೇಲೆ ಮಂಡಿಯೂರಿ ಬಟ್ಟೆ ನೂಕುತ್ತಿದ್ದ ನನಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಯಾರೂ ಕೇಳದೆ ಮಾಡಿಕೊಟ್ಟ ಉಪಕಾರ ಅದು. ಹುಡುಗಿಗೆ ಹೇಳಬೇಕೆಂದೂ ಅವಳಿಗೆ ಹೊಳೆಯಲಿಲ್ಲ. ಉಸಿರಾಡಿದ್ದನ್ನು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

ಟಾರ್ಪಾಲುಗಳು ಸಾಲಿಗೆ ಹೋದವು. ಒಂದು ಮೀನಿನಕ್ಕನಿಗೆ, ಒಂದು ಹೂವಿನವಳಿಗೆ, ಇನ್ನೊಂದು ತುದಿಯ ಮರದ ಹತ್ತಿರ ಕೂರುವ ಹುರುಳಿಕಾಯಿಯವಳಿಗೆ. ಹಗಲೆಲ್ಲ ಹಾಳೆ ಬಿಸಿಲು ಕುಡಿದು ಕೆಳಗಿನ ಪೆಟ್ಟಿಗೆಯ ಬ್ಯಾಟರಿ ತುಂಬುತ್ತಿತ್ತು. ಸಂಜೆ ಸ್ವಿಚ್ಚು ಒತ್ತಿದರೆ ಬೆಳಕು. ತಕ್ಕಡಿಯೂ ಅದರಲ್ಲೇ ನಡೆಯಿತು. ಮೀನಿನಕ್ಕನಿಗೆ ಒಂದು ಸಣ್ಣ ತಂಪುಪೆಟ್ಟಿಗೆಯೂ ಬಂತು. ಮಧ್ಯಾಹ್ನದ ಮೇಲೆ ಮೀನನ್ನು ಸಿಕ್ಕಿದ ಬೆಲೆಗೆ ತಳ್ಳುತ್ತಿದ್ದವಳು ಈಗ ಸಂಜೆಯ ತನಕ ಕಾಲು ಚಾಚಿ ಕೂತಳು. ಬ್ಯಾಟರಿಯವನು ಸೈಕಲ್ಲು ನಿಲ್ಲಿಸಿ, ಮೋಡ ಬರಲಿ, ಆಗ ನನ್ನ ಹತ್ತಿರವೇ ಬರುತ್ತೀರಿ ಎಂದು ಕುಟುಕಿದ. ಬಂದರೆ ನಿನಗೆ ತಲೆ ಕೊಡುತ್ತೇನೆ, ಸಾರಿಗೆ ಚೆನ್ನಾಗಿರುತ್ತೆ ಎಂದು ಅವಳು ಒಂದು ಮೀನಿನ ತಲೆ ಎತ್ತಿ ತೋರಿಸಿದಳು.

ಮೋಡ ಬಂತು. ಮೊದಲ ಮಳೆಗಳನ್ನು ಹಾಳೆಗಳು ತಡೆದುಕೊಂಡವು. ಆಮೇಲೆ ಬಿಟ್ಟೂ ಬಿಡದೆ ಹಿಡಿದುಕೊಂಡಿತು ನೋಡು, ಒಗೆದ ಬಟ್ಟೆ ಒಲೆಯ ಮುಂದೆ ಒಣಗಿಸುವಂಥ ಮಳೆ. ಆಗ ಮೀನಿನಕ್ಕನ ದೀಪ ಮಂಕಾಯಿತು. ಎರಡು ದಿನ ಬಿಟ್ಟು ಹೂವಿನವಳದು. ಮೋಡದಿಂದ ಹಾಗಾಗಿರಬೇಕು ಎಂದುಕೊಂಡರೆ, ಬಿಸಿಲು ಬಿದ್ದ ದಿನವೂ ಮಂಕೇ. ಹುಡುಗಿ ಓಡಿಬಂದಳು. ತಂತಿ ನೋಡಿದಳು, ಪೆಟ್ಟಿಗೆ ನೋಡಿದಳು, ಹಾಳೆಗೆ ಮಾಪಕ ಹಿಡಿದು ನೋಡಿ ಮುಖ ಸಪ್ಪಗೆ ಮಾಡಿಕೊಂಡಳು. ಹಾಳೆಯೇ ಸಾಯುತ್ತಿದೆ, ಅಚ್ಚಿನಲ್ಲಿ ಎಲ್ಲೋ ನನ್ನದೇ ತಪ್ಪಾಗಿದೆ ಎಂದು ನಮ್ಮ ಕೋಣೆಯ ಹೊಸ್ತಿಲ ಮೇಲೆ ಕೂತು ಹೇಳಿದಳು. ನಾನು ಟೀ ಕೊಟ್ಟೆ. ಕುಡಿಯಲಿಲ್ಲ. ವಾರದ ಕೊನೆಗೆ ಯಜಮಾನರೇ ಬರುತ್ತಾರೆ, ಹಾಳೆ ಬಿಚ್ಚಿಕೊಂಡು ಹೋಗುತ್ತಾರೆ, ಬ್ಯಾಂಕಿನವರಿಗೆ ಮಾತು ಕೊಟ್ಟಾಯಿತು ಎಂದಳು.

ಮೀನಿನಕ್ಕನ ಟಾರ್ಪಾಲನ್ನು ಅವಳು ನಮ್ಮಲ್ಲೇ ಬಿಟ್ಟು ಹೋಗಿದ್ದಳು. ನನ್ನ ನಾದಿನಿ ಅದನ್ನು ನೆಲಕ್ಕೆ ಹಾಸಿದಳು. ಗುಂಡಿಗೆ ಇಳಿಯಲಿಲ್ಲ, ಬಟ್ಟೆಯ ಸುತ್ತ ಬರಿಗಾಲಲ್ಲಿ ನಡೆದಳು. ಆಮೇಲೆ ಮಂಡಿಯೂರಿ ಕನ್ನಡಕ ಮೇಲೇರಿಸಿ ಅಂಚಿಗೆ ಕಣ್ಣಿಟ್ಟಳು. ನೇರಳೆ ಬಣ್ಣ ಅಲ್ಲಲ್ಲಿ ಬಿಳಿಚಿಕೊಂಡಿತ್ತು, ಟೀ ಚೆಲ್ಲಿ ಒಣಗಿದ ಕಲೆಯಂತೆ. ಆ ಕಲೆ ಎಲ್ಲೆಂದರಲ್ಲಿ ಇರಲಿಲ್ಲ. ಅಂಚಿನ ಉದ್ದಕ್ಕೂ ಇರುವೆ ಸಾಲಿನಂತೆ ಹೋಗಿತ್ತು. ಬ್ಲೇಡು ತಂದು ಮಡಿಕೆ ಬಿಚ್ಚಿದಳು. ಅವಳ ಎರಡನೇ ಸಾಲಿನ ಒಂದೊಂದು ತೂತಿನ ಸುತ್ತಲೂ ಒಂದೊಂದು ಬಿಳಿ ಉಂಗುರ.

ನನಗೆ ಅರ್ಥವಾಗುವ ಮೊದಲೇ ಅವಳಿಗೆ ಅರ್ಥವಾಗಿತ್ತು. ಟಾರ್ಪಾಲಿನ ದಪ್ಪ ಹತ್ತಿಬಟ್ಟೆ ನೆನೆದರೆ ಉಬ್ಬುತ್ತದೆ, ಉಬ್ಬಿ ದಾರದ ಸುತ್ತ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಪ್ಪನ ಕಾಲದಿಂದ ಅವರ ಕಸುಬು ನಿಂತದ್ದೇ ಆ ಗುಣದ ಮೇಲೆ. ಪ್ಲಾಸ್ಟಿಕ್ ಹಾಳೆ ಉಬ್ಬುವುದಿಲ್ಲ. ಅದರಲ್ಲಿ ಚುಚ್ಚಿದ ತೂತು ಚುಚ್ಚಿದ ಹಾಗೇ ಬಾಯಿ ತೆರೆದಿರುತ್ತದೆ. ಮೊದಲ ಸಾಲು ಪಾರದರ್ಶಕ ಅಂಚಿನಲ್ಲೇ ಉಳಿದಿತ್ತು, ಎರಡನೆಯದು ಆ ಅಂಚು ದಾಟಿ ಪಟ್ಟೆಗಳ ಮೇಲೇ ಬಿದ್ದಿತ್ತು. ನೀರು ತಡೆಯಲಿ ಎಂದು ಹಾಕಿದ ಹೊಲಿಗೆಯಿಂದಲೇ ನೀರು ಇಳಿದಿತ್ತು. ಹುರುಳಿಕಾಯಿಯವಳ ಹಾಳೆ ಮರದ ಮರೆಯಲ್ಲಿದ್ದು ಕಡಿಮೆ ನೆನೆದದ್ದರಿಂದ ಇನ್ನೂ ಅರೆಜೀವದಲ್ಲಿತ್ತು, ಅಷ್ಟೇ.

ರಾತ್ರಿ ಊಟಕ್ಕೆ ಕೂತಾಗ ಅವಳು ಅಣ್ಣನಿಗೆ ವಿಷಯ ಹೇಳಿದಳು. ನಿಮ್ಮ ತಾತ ಆವತ್ತು ನಗಲಿಲ್ಲ. ದಬ್ಬಣದ ಹೊಲಿಗೆಯಲ್ಲಿ ನೀರು ಸೋರಿತು ಎಂದು ಬೀದಿಗೆ ಗೊತ್ತಾದರೆ ನಾಳೆ ಯಾವ ಲಾರಿಯವನು ಈ ಬಾಗಿಲಿಗೆ ಬರುತ್ತಾನೆ, ಹುಡುಗಿಯೇ ತನ್ನ ತಪ್ಪು ಎನ್ನುತ್ತಿದ್ದಾಳಲ್ಲ, ಸುಮ್ಮನಿರು ಎಂದರು. ತಂಗಿಯ ಮೇಲಿನ ಅಕ್ಕರೆಗೆ ಹೇಳಿದ್ದು, ಕೆಟ್ಟದ್ದಕ್ಕಲ್ಲ. ಇವಳು ತಟ್ಟೆ ತೊಳೆದಿಟ್ಟು ಬಂದು ನನ್ನನ್ನು ನೋಡಿದಳು.

"ಅತ್ತಿಗೆ, ಹಾಳೆಯದೇ ತಪ್ಪು ಅಂದ್ರೆ ಹಾಳೆ ಹೊರಟುಹೋಗುತ್ತೆ. ಹೊಲಿಗೇದು ಅಂದ್ರೆ ಹೊಲಿಗೆ ಬದಲಾಯಿಸಬಹುದು. ಅಷ್ಟೇ ತಾನೇ?"

ಅಷ್ಟೇ ಎಂದೆ. ಆಮೇಲೆ ಅವಳು ಮಲಗಿ ಗೊರಕೆ ಹೊಡೆದಳು. ಅವಳ ಗೊರಕೆಯೂ ಹೊಲಿಗೆ ಯಂತ್ರದಂತೆಯೇ, ಒಂದೇ ಸಮ. ನಿದ್ದೆ ಬರದೆ ಹೊರಳಾಡಿದ್ದು ನಾನು.

ಯಜಮಾನ ಬರುವ ದಿನ ಸಾಲಿನ ಹೆಂಗಸರೆಲ್ಲ ಮೀನಿನಕ್ಕನ ಸುತ್ತ ಸೇರಿದ್ದರು. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಯಜಮಾನ ಎತ್ತರದ ಮನುಷ್ಯ, ಕೈಯಲ್ಲಿ ಕೊಡೆ, ಪಕ್ಕದಲ್ಲಿ ಆ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ನಿಮ್ಮ ತಪ್ಪೇನಿಲ್ಲ, ಹಾಳೆ ಇನ್ನೂ ಬೀದಿಗೆ ಬರುವಷ್ಟು ಗಟ್ಟಿಯಾಗಿಲ್ಲ, ಇನ್ನೆರಡು ವರ್ಷ ಬಿಟ್ಟು ನೋಡೋಣ ಎಂದು ಅವನು ಮರ್ಯಾದೆಯಿಂದಲೇ ಹೇಳುತ್ತಿದ್ದ. ನನ್ನ ನಾದಿನಿ ಬಿಚ್ಚಿದ ಟಾರ್ಪಾಲನ್ನು ತರಕಾರಿ ಬುಟ್ಟಿಗಳ ಮೇಲೆ ಹರಡಿದಳು.

"ಹಾಳೆ ಗಟ್ಟಿಯಾಗೇ ಇದೆ ಸ್ವಾಮಿ. ತೂತು ಮಾಡಿದವಳು ನಾನು. ಇಲ್ಲಿ ನೋಡಿ, ಇದು ಹುಡುಗಿ ಹೇಳಿದ ಸಾಲು. ಇದು ಯಾರೂ ಹೇಳದೆ ನಾನು ಹಾಕಿದ್ದು. ಸತ್ತಿರೋದೆಲ್ಲ ನನ್ನ ಸಾಲಿನ ಗುಂಟಾನೇ."

ಹುಡುಗಿ ಬಗ್ಗಿ ನೋಡಿದಳು, ಉಗುರಿನಿಂದ ಒಂದು ಉಂಗುರ ಕೆರೆದಳು. ಒಂದೇ ಸಾಲು ಅಂತ ನಾನೇ ಬಿಡಿಸಿ ಹೇಳಬೇಕಿತ್ತು, ಯಾಕೆ ಅಂತಲೂ ಹೇಳಬೇಕಿತ್ತು ಎಂದು ಮೆಲ್ಲಗೆ ಅಂದಳು. ಹೂವಿನವಳು, ದಬ್ಬಣಕ್ಕನ ಹೊಲಿಗೆಯೂ ಸೋರುತ್ತಾ ಎಂದು ಬಾಯಿ ತೆರೆದಳು. ಮೀನಿನಕ್ಕ ಅವಳ ಕಡೆ ಕತ್ತಿ ತಿರುಗಿಸದೆ ಬರೀ ಕಣ್ಣು ತಿರುಗಿಸಿದಳು, ಅದೇ ಸಾಕಾಯಿತು. ಆಮೇಲೆ ನನ್ನ ನಾದಿನಿಯ ಕಡೆ ತಿರುಗಿ ಹೇಳಿದಳು:

"ಲೇ ದಬ್ಬಣ, ನನ್ನ ತಲೆ ಮೇಲೆ ಸೋರಿದ್ದು ನಿನ್ನ ಪ್ರೀತಿ ಅಂತಾಯ್ತು. ಸರಿ, ಈಗ ಅದನ್ನ ಮುಚ್ಚೋದು ಹೇಗೆ, ಅದು ಹೇಳು."

ಯಜಮಾನ ಕೊಡೆ ಮಡಚಿದ. ಅವನು ತೆಗೆದುಕೊಂಡು ಹೋಗಲು ಬಂದಿದ್ದ, ಆದರೆ ಕಣ್ಣ ಮುಂದೆ ಕಾಣುವುದನ್ನು ಇಲ್ಲ ಎನ್ನುವ ಜಾತಿಯವನಲ್ಲ. ಒಂದು ಹೊಸ ಹಾಳೆ ಕೊಡುತ್ತೇನೆ, ಒಂದೇ. ಈ ಮಳೆಗಾಲ ಮುಗಿಯುವ ತನಕ ಅತಿ ಹೆಚ್ಚು ಗಾಳಿ ಹೊಡೆಯುವ ಜಾಗದಲ್ಲಿ ಅದು ನಿಲ್ಲಬೇಕು, ನಿಲ್ಲದಿದ್ದರೆ ಮತ್ತೆ ಕೇಳಬೇಡಿ ಎಂದ. ಅತಿ ಹೆಚ್ಚು ಗಾಳಿ ಹೊಡೆಯುವ ಜಾಗ ಮೀನಿನಕ್ಕನದೇ, ಬಸ್ಸುಗಳು ತಿರುಗುವ ಮೂಲೆ.

ಆಮೇಲಿನ ದಿನಗಳಲ್ಲಿ ಆ ಹುಡುಗಿ ನಮ್ಮ ಮನೆಯವಳೇ ಆದಳು. ಬೆಕ್ಕು ಅವಳ ಚೀಲದಲ್ಲಿ ಮಲಗತೊಡಗಿತು. ಸೂಜಿ ತಾಗದೆ ಹಾಳೆ ಬಟ್ಟೆಗೆ ಅಂಟಿ ಕೂರಬೇಕು, ಅದೇ ಲೆಕ್ಕ. ಗೋಂದು ಹಚ್ಚಿ ನೋಡಿದರು, ಬಿಸಿಲಿಗೆ ಬಿಟ್ಟುಕೊಂಡಿತು. ನನ್ನ ನಾದಿನಿಗೆ ದಿಂಬಿನ ಚೀಲ ತೊಡಿಸುವಾಗ ಹೊಳೆಯಿತಂತೆ: ಹಾಳೆಗೆ ಹೊಲಿಯುವುದೇ ಬೇಡ, ಹಾಳೆಗೊಂದು ಮನೆ ಹೊಲಿಯೋಣ. ಟಾರ್ಪಾಲಿನ ಮೇಲೆ ನಾಲ್ಕೂ ಕಡೆ ಬಟ್ಟೆಯ ತುಟಿ, ಒಳಗೆ ಹಾಳೆ ಜಾರಿಸಿ ಕೂರಿಸುವುದು, ನಡುವೆ ಬಿಸಿಲಿಗೆ ಬಯಲು. ಹೊಲಿಗೆಯೆಲ್ಲ ಬಟ್ಟೆಗೇ, ಹಾಳೆಗೆ ಒಂದು ಚುಚ್ಚೂ ಇಲ್ಲ.

ಮೊದಲು ಹೊಲಿದದ್ದು ಸಡಿಲವಾಯಿತು. ನಮ್ಮ ಮನೆಯ ಮಾಳಿಗೆಯ ಮೇಲೆ ಕಟ್ಟಿ ನೋಡಿದರೆ ಹಾಳೆ ಪಟಪಟ ಹೊಡೆದುಕೊಂಡಿತು. ತುಟಿಯ ಒಳಗೆ ಸಣ್ಣ ಹಗ್ಗ ತೂರಿಸಿ ಬಿಗಿಮಾಡಿದರು. ಆಮೇಲೆ ಹಾಳೆ ತೂರಿಸುವ ಬಾಯಿ ಯಾವ ಕಡೆ ಇರಬೇಕೆಂದು ಇಬ್ಬರಿಗೂ ಜಗಳ. ಕೆಳಗಿರಲಿ, ಒಳಗೆ ಹೋದ ನೀರು ಇಳಿದು ಹೋಗುತ್ತದೆ ಎಂದು ಇವಳು. ಕೆಳಗಿದ್ದರೆ ಗಾಳಿ ಒಳಗೆ ನುಗ್ಗಿ ಹಾಳೆಯನ್ನೇ ಎಳೆದುಕೊಂಡು ಹೋಗುತ್ತದೆ, ಮೇಲಿರಲಿ ಎಂದು ಅವಳು. ಮೇಲಿದ್ದರೆ ಮಳೆಗೆ ಬಾಯಿ ತೆರೆದು ಕೂತ ಹಾಗೆ ಎಂದು ಮತ್ತೆ ಇವಳು. ಇಬ್ಬರೂ ಊಟ ಬಿಟ್ಟು ಕೂತರು. ನನಗೆ ಹಸಿವಾಗಿತ್ತು, ಪಕ್ಕಕ್ಕೆ ಇಟ್ಟರೆ ಏನು ಗಂಟು ಹೋಗುತ್ತೆ ಎಂದೆ. ಇಬ್ಬರೂ ನನ್ನನ್ನು ನೋಡಿದರು. ಬಾಯಿ ಪಕ್ಕಕ್ಕೆ ಬಂತು, ಮೇಲೊಂದು ಮುಚ್ಚಳದ ಪಟ್ಟಿ ಬಂತು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ, ಹಸಿದವರಿಗೆ ಹೊಳೆಯುವಂಥದ್ದೇ.

ಇನ್ನೊಂದು ಲಾಭ ಯಾರೂ ಎಣಿಸದೆ ಬಂತು. ಸಾಲಿನವರು ಸಂಜೆ ಟಾರ್ಪಾಲನ್ನು ನಾಲ್ಕು ಮಡಿಕೆ ಮಾಡಿ ತುಳಿದು ಅದರ ಮೇಲೇ ಕೂತು ಚಿಲ್ಲರೆ ಎಣಿಸುವವರು. ಮಡಚಿದರೆ ಹಾಳೆಯ ಪಟ್ಟೆ ಮುರಿಯುತ್ತದೆ ಎಂದು ಹುಡುಗಿ ಮೊದಲಿಂದ ಬೇಡಿಕೊಳ್ಳುತ್ತಿದ್ದಳು, ಯಾರು ಕೇಳುತ್ತಾರೆ? ಈಗ ಹಾಳೆಯನ್ನು ಬಾಯಿಂದ ಜಾರಿಸಿ ತೆಗೆದು ನೀರಿನ ಪೈಪಿನ ತುಂಡಿಗೆ ಸುತ್ತಿ ಹೆಗಲಿಗೇರಿಸಿದರಾಯಿತು. ಟಾರ್ಪಾಲನ್ನು ಎಷ್ಟು ಬೇಕಾದರೂ ತುಳಿಯಲಿ. ಮುಂದೆ ಹಾಳೆ ಹಳೆಯದಾದರೆ ಅದೊಂದನ್ನೇ ಪ್ರೆಸ್ಸಿಗೆ ಹಿಂದಿರುಗಿಸಿ ಹೊಸದು ತೂರಿಸಬಹುದು.

ಹೊಸ ಟಾರ್ಪಾಲು ಮೂಲೆಗೆ ಏರಿತು. ದೀಪ ಹೊತ್ತಿತು. ಅದು ದೊಡ್ಡದಲ್ಲ, ಮೊದಲ ಸಲವೂ ಹೊತ್ತಿತ್ತು. ನಾವು ಕಾದದ್ದು ಗಾಳಿಗೆ. ಮಳೆ ಬೇಡ ಎಂದು ಬೈಯುವ ಹೆಂಗಸರು ಮಳೆ ಬರಲಿ ಎಂದು ಆಕಾಶ ನೋಡಿದ್ದನ್ನು ನಾನು ಆಗಲೇ ಕಂಡದ್ದು.

ಗಾಳಿ ಬಂದದ್ದು ಒಂದು ಸಂಜೆ, ಬಸ್ಸುಗಳು ತುಂಬುವ ಹೊತ್ತಿಗೆ. ಹುಡುಗಿ ಹೇಳಿಕಳಿಸಿದ್ದರಿಂದ ಯಜಮಾನನೂ ಬಂದಿದ್ದ. ಮೊದಲು ಧೂಳು, ಆಮೇಲೆ ಅಡ್ಡ ಮಳೆ. ಯಜಮಾನನ ಕೊಡೆ ಮಗುಚಿಕೊಂಡಿತು, ಅವನು ಮೀನಿನಕ್ಕನ ಟಾರ್ಪಾಲಿನ ಕೆಳಗೆ ಓಡಿಬಂದ. ಬಟ್ಟೆ ಹೊಟ್ಟೆ ಉಬ್ಬಿಸಿ ಮೇಲೆದ್ದಿತು, ಹಗ್ಗಗಳು ಕಿರುಗುಟ್ಟಿದವು. ಸಾಲಿನಲ್ಲಿ ಯಾರದೋ ಬುಟ್ಟಿಗಳು ಉರುಳಿಕೊಂಡು ಹೋದವು. ನನ್ನ ನಾದಿನಿ ಕೋಲು ಹಿಡಿದುಕೊಳ್ಳಲಿಲ್ಲ. ಕೈ ಕಟ್ಟಿಕೊಂಡು ನಿಂತು ತಲೆ ಎತ್ತಿ ತುಟಿಯ ಅಂಚನ್ನೇ ನೋಡುತ್ತಿದ್ದಳು. ಹುಡುಗಿ ಮಾತ್ರ ಅವಳ ತೋಳು ಹಿಡಿದುಕೊಂಡಿದ್ದಳು. ಎದುರು ಸಾಲಿನ ಪಕ್ಕಾ ಅಂಗಡಿಗಳಲ್ಲಿ ಕರೆಂಟು ಹೋಯಿತು, ಎಲ್ಲೋ ತಂತಿ ಹರಿದಿರಬೇಕು; ಅವರ ಮಾಳಿಗೆಯ ಹಲಗೆಗಳಿಗೆ ಬ್ಯಾಟರಿ ಇರಲಿಲ್ಲ, ಆ ತಂತಿಯೇ ಗತಿ. ಮೀನಿನಕ್ಕನ ದೀಪ ಉರಿಯುತ್ತಲೇ ಇತ್ತು. ಮಳೆಗೆ ಸಿಕ್ಕಿದವರೆಲ್ಲ ಆ ಬೆಳಕಿನ ಕೆಳಗೆ ಬಂದು ತೂರಿಕೊಂಡರು. ಸುಮ್ಮನೆ ನಿಲ್ಲಬೇಡಿ, ಮೀನು ತಗೊಳ್ಳಿ ಎಂದು ಅವಳು ಅವರಿಗೂ ವ್ಯಾಪಾರ ಮಾಡಿದಳು.

ಮಳೆ ಇಳಿದ ಮೇಲೆ ಹುಡುಗಿ ಹಾಳೆ ಜಾರಿಸಿ ತೆಗೆದು ಟವೆಲ್ಲಿನಲ್ಲಿ ಒರೆಸಿ ದೀಪಕ್ಕೆ ಹಿಡಿದಳು. ನಾಲ್ಕೂ ಅಂಚು ನೇರಳೆಯೇ. ಒಂದು ಮಳೆ ಸಾಲದು ಎಂದು ಅವಳೇ ಹೇಳಿದಳು. ಸರಿ, ಮಳೆಗಾಲ ಮುಗಿಯುವ ತನಕ ಪ್ರತಿ ವಾರ ಮಾಪಕ ಹಿಡಿದಳು, ಮುಳ್ಳು ಕದಲಲಿಲ್ಲ. ಕೊನೆಯ ಸಲ ಯಜಮಾನನೇ ಮಾಪಕ ಹಿಡಿದು ನೋಡಿದ. ನೋಡಿ ಮೀನಿನಕ್ಕನಿಗೆ, "ಬ್ಯಾಂಕಿನವರಿಗೆ ಆಮೇಲೆ ಕೊಟ್ಟರಾಯ್ತು, ಅವರೇನು ಕತ್ತಲಲ್ಲಿ ಕೂತಿಲ್ಲ. ಸಾಲು ಎಲ್ಲಿಂದ ಎಲ್ಲಿಗೆ ಬರುತ್ತೆ, ತೋರಿಸಿ" ಎಂದ. ಅವಳು ಕತ್ತಿ ಇಟ್ಟು ಎದ್ದಳು. ಆ ಎತ್ತರದ ಮನುಷ್ಯ ಒಂದೊಂದು ಟಾರ್ಪಾಲಿನ ಕೆಳಗೂ ಬಗ್ಗಿ ಬಗ್ಗಿ ಅವಳ ಹಿಂದೆ ಸಾಲಿನ ತುದಿಯ ತನಕ ಹೋಗಿ ಬಂದ.

ಇಡೀ ಸಾಲಿಗೆ ಹೊಲಿಯುವುದು ಒಬ್ಬಳ ಕೈಯಲ್ಲಿ ಆಗುವ ಮಾತೇ? ವ್ಯಾಪಾರ ಇಲ್ಲದ ಬೆಳಗಿನ ಹೊತ್ತು ಸಾಲಿನ ಹೆಂಗಸರೇ ಸರದಿಯಲ್ಲಿ ಬಂದು ಕಲಿತರು. ಹೂವಿನವಳ ಬೆರಳು ದಾರಕ್ಕೆ ಪಳಗಿದ್ದದ್ದೇ, ಎಲ್ಲರಿಗಿಂತ ಬೇಗ ಹತ್ತಿತು. ಬಾಚಣಿಗೆಯವಳು ತುಟಿಯನ್ನು ತಲೆಕೆಳಗಾಗಿ ಹೊಲಿದು ಇದೂ ಚೆನ್ನಾಗಿದೆ ಎಂದು ವಾದಿಸಿದಳು. ತಂತಿ ಜೋಡಿಸುವ ಕೆಲಸಕ್ಕೆ ಬ್ಯಾಟರಿಯವನೇ ಬಂದು ನಿಂತ. ಬ್ಯಾಟರಿಯ ಒಳಹೊರಗು ಅವನಿಗಿಂತ ಬಲ್ಲವರು ಯಾರಿದ್ದಾರೆ ಎಂದು ಸಂಘವೂ ಒಪ್ಪಿತು, ಎರಡು ದಿನ ಕಾಯಿಸಿದ ಮೇಲೆ. ಲಾರಿಯವರು ಬರುವುದು ನಿಲ್ಲಿಸಲೂ ಇಲ್ಲ. ಲಾರಿಗೆ ಎರಡು ಸಾಲು, ಬಿಸಿಲಿಗೆ ಬರೀ ತುಟಿ ಎಂದು ಅವರಿಗೇ ತಿಳಿದುಹೋಯಿತು.

ಸಾಲು ಪೂರ್ತಿ ಬೆಳಗಿದ ಮೊದಲ ಸಂಜೆ ನಾನೂ ಅವಳೂ ಒಂದು ತುದಿಯಿಂದ ನಡೆದು ಹೋದೆವು. ಎಲ್ಲರೂ ಕರೆದು ಕೂರಿಸಿದರು, ಒಬ್ಬಳು ಮಾತ್ರ ಮುಖ ದಪ್ಪ ಮಾಡಿಕೊಂಡಿದ್ದಳು, ಹುರುಳಿಕಾಯಿಯವಳು. ಏನಾಯಿತು ಎಂದು ಕೇಳಿದೆ.

"ಏನಾಗ್ಬೇಕು ಅಕ್ಕ? ಮೊದ್ಲಾದ್ರೆ ಬುಟ್ಟಿಗೆ ಕೈ ಹಾಕಿ ಸಿಕ್ಕಿದ್ದು ತಗೊಂಡು ಹೋಗ್ತಿದ್ರು. ಈಗ ಒಂದೊಂದೇ ಕಾಯಿ ಬೆಳಕಿಗೆ ಹಿಡಿದು ನೋಡಿ ಬಲಿತಿದ್ದೆಲ್ಲ ಬಿಸಾಕ್ತಾರೆ."

ನನ್ನ ನಾದಿನಿ ಬುಟ್ಟಿಗೆ ಬಗ್ಗಿ ಒಂದು ಕಾಯಿ ಎತ್ತಿ ದೀಪಕ್ಕೆ ಹಿಡಿದಳು, ಮುರಿದಳು, ನಾರು ಎಳೆದು ನೋಡಿದಳು.

"ನಾಳೆಯಿಂದ ಎಳೇದು ತಾ" ಎಂದು ಹೇಳಿ ಮುಂದಿನ ಅಂಗಡಿಗೆ ನಡೆದಳು.